ಬೆಳಕಿಂಡಿಯನ್ನು ಮರೆತ ಮನೆಗಳು



ಮನೆ ಕಟ್ಟುವಾಗ ನಾವು ಏನೆಲ್ಲ ವಿಚಾರ ಮಾಡುತ್ತೇವೆ! ಆಯ ನೋಡುತ್ತೇವೆ, ಬಾಗಿಲಿನ ದಿಕ್ಕು ನೋಡುತ್ತೇವೆ. ಸಿಮೆಂಟಿನ ಚೀಲಕ್ಕೆ ಎಷ್ಟು, ಉಸುಕಿನ ಟ್ರಿಪ್ಪಿಗೆ ಎಷ್ಟು ಎಂದು ಹತ್ತು ಕಡೆ ವಿಚಾರಿಸುತ್ತೇವೆ. ಆದರೆ ಈ ಮನೆಗೆ ಗಾಳಿ ಎಲ್ಲಿಂದ ಬರಬೇಕು, ಬಂದ ಗಾಳಿ ಎಲ್ಲಿಂದ ಹೊರಗೆ ಹೋಗಬೇಕು ಎಂದು ಗೌಂಡಿಯನ್ನು ಕೇಳುವವರು ಬಹಳ ಕಡಿಮೆ. ಒಂದು ಕಿಡಕಿ ಇಟ್ಟರೆ ಆಯಿತು, ಗಾಳಿ ತಾನೇ ಬರುತ್ತದೆ ಎಂದುಕೊಳ್ಳುತ್ತೇವೆ. ಗಾಳಿ ಹಾಗೆ ಬರುವುದಿಲ್ಲ. ಗಾಳಿಗೆ ದಾರಿ ಮಾಡಿಕೊಡಬೇಕು. ಮನೆಯೊಳಗಿನ ಗಾಳಿಯನ್ನು ಚೊಕ್ಕಟವಾಗಿ ಇಡುವುದು ಹೇಗೆ, ಅದರಿಂದ ಆರೋಗ್ಯವೂ ಉಳಿದು ಕರೆಂಟಿನ ಬಿಲ್ಲೂ ಇಳಿಯುವುದು ಹೇಗೆ ಎಂಬುದೇ ಇವತ್ತಿನ ನನ್ನ ಮಾತಿನ ವಿಷಯ.

ನಮ್ಮ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯಲ್ಲಿ ಹಿಂದೆ ಇದ್ದವು ಮಾಳಿಗೆ ಮನೆಗಳು. ಮರಾಠಿ ಮಂದಿ ಇದನ್ನೇ ಮಾಳವದ ಎನ್ನುತ್ತಾರೆ. ದಪ್ಪನೆಯ ಕಲ್ಲು ಮಣ್ಣಿನ ಗೋಡೆ, ಅದರ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಅದರ ಮೇಲೆ ಮೊಳದುದ್ದ ಮಣ್ಣು. ಕಿಡಕಿಗಳು ಸಣ್ಣವು, ಇದ್ದರೆ ಒಂದು ಇಲ್ಲವೆ ಎರಡು. ಆದರೂ ಆ ಮನೆಗೆ ಉಸಿರಿತ್ತು. ಅಡಿಗೆ ಮನೆಯ ನೆತ್ತಿಯ ಮೇಲೆ ಒಂದು ಬೆಳಕಿಂಡಿ ಇರುತ್ತಿತ್ತು. ಒಲೆಯ ಹೊಗೆ ಅದರೊಳಗಿಂದ ಆಕಾಶಕ್ಕೆ ಹೋಗುತ್ತಿತ್ತು, ಹಗಲಿನ ಬೆಳಕು ಅದರೊಳಗಿಂದಲೇ ಕೆಳಗೆ ಇಳಿಯುತ್ತಿತ್ತು. ಮಳೆ ಬಂದರೆ ಮೇಲೆ ಹತ್ತಿ ಅದಕ್ಕೊಂದು ಚಪ್ಪಡಿಯನ್ನೋ ಗಡಿಗೆಯನ್ನೋ ಬೋರಲು ಹಾಕುತ್ತಿದ್ದರು. ಯಾವ ಇಂಜಿನಿಯರೂ ಹೇಳಿಕೊಟ್ಟದ್ದಲ್ಲ. ಕಾದ ಗಾಳಿ ಹಗುರಾಗಿ ಮೇಲಕ್ಕೆ ಏರುತ್ತದೆ ಎಂಬುದು ಒಲೆಯ ಮುಂದೆ ಕೂತವರಿಗೆ ಗೊತ್ತಿತ್ತು, ಅಷ್ಟೆ.

ಕಾಸರಗೋಡಿನ ಕಡೆ ಇನ್ನೊಂದು ರೀತಿ. ಅಲ್ಲಿ ಇಳಿಜಾರು ಮಾಡು, ಅದರ ಮೇಲೆ ಹೆಂಚು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಕರಾವಳಿಯ ಮನೆಗಳ ರೂಪವೇ ಬದಲಾಯಿತು. ಹೆಂಚು ಹೆಂಚಿನ ನಡುವಿನ ಸಂದಿಯಲ್ಲಿ ಬಿಸಿ ಗಾಳಿ ಸೋರಿ ಹೋಗುತ್ತದೆ, ನಡುವೆ ಒಂದು ಗಾಜಿನ ಹೆಂಚು ಇಟ್ಟರೆ ಬೆಳಕು. ಒಂದೊಂದು ಸೀಮೆಯೂ ತನ್ನ ಬಿಸಿಲು, ಮಳೆ, ಗಾಳಿಗೆ ತಕ್ಕಂತೆ ಒಂದೊಂದು ದಾರಿ ಕಂಡುಕೊಂಡಿತ್ತು.

ಹಾಗೆಂದು ಹಳೆಯದೆಲ್ಲ ಬಂಗಾರ ಎಂದು ನಾನು ಹೇಳುವುದಿಲ್ಲ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಲಾತೂರ ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಮಿ ನಡುಗಿದ್ದು ನಮ್ಮ ಭಾಗದ ಹಿರಿಯರಿಗೆ ಇನ್ನೂ ನೆನಪಿದೆ. ಸುಮಾರು 10 ಸಾವಿರ ಜನ ತೀರಿಹೋದರು. ಮಲಗಿದ್ದವರ ಮೇಲೆ ಬಿದ್ದದ್ದು ಇದೇ ದಪ್ಪ ಕಲ್ಲಿನ ಗೋಡೆ, ಇದೇ ಮಣ್ಣಿನ ಮಾಳಿಗೆ. ಅದಾದ ಮೇಲೆ ಜನ ಮಾಳಿಗೆಯ ಕೆಳಗೆ ಮಲಗಲು ಹೆದರಿದರು. ಕೈಯಲ್ಲಿ ದುಡ್ಡು ಇದ್ದವರು ಸ್ಲ್ಯಾಬ್ ಹಾಕಿಸಿದರು, ಇಲ್ಲದವರು ತಗಡು ಹೊದಿಸಿದರು. ಹಾಗೆ ಮಾಡಿದ್ದು ತಪ್ಪಲ್ಲ, ಜೀವಕ್ಕಿಂತ ದೊಡ್ಡದು ಯಾವುದೂ ಇಲ್ಲ. ಆದರೆ ಮಣ್ಣು ಹೋಗುವಾಗ ಅದರ ಜೊತೆಗೆ ಬೆಳಕಿಂಡಿಯೂ ಹೋಯಿತು. ಭಾರವಾದ ಮಾಳಿಗೆ ಬಿಡಬೇಕಾಗಿತ್ತು, ಗಾಳಿಯ ದಾರಿಯನ್ನು ಬಿಡಬೇಕಾಗಿರಲಿಲ್ಲ. ಇವತ್ತು ಎಷ್ಟೋ ಸ್ಲ್ಯಾಬಿನ ಮನೆಗಳು ಮೇಲೆ ಕೆಳಗೆ, ಸುತ್ತ ಮುತ್ತ ಸಿಮೆಂಟಿನಿಂದ ಮುಚ್ಚಿದ ಡಬ್ಬಿಯಂತೆ ನಿಂತಿವೆ.

ಮುಚ್ಚಿದ ಮನೆಯಲ್ಲಿ ಏನಾಗುತ್ತದೆ ನೋಡಿ. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲ, ಹತ್ತು ಅಡಿ ಎತ್ತರದ ಒಂದು ಖೋಲಿ. ಅದರಲ್ಲಿ ಗಂಡ, ಹೆಂಡತಿ, ಇಬ್ಬರು ಮಕ್ಕಳು ಬಾಗಿಲು ಕಿಡಕಿ ಹಾಕಿಕೊಂಡು ಮಲಗಿದ್ದಾರೆ. ಹೊರಗಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹತ್ತು ಲಕ್ಷಕ್ಕೆ ಸುಮಾರು 420 ಪಾಲು ಇರುತ್ತದೆ. ಆ ಖೋಲಿಯೊಳಗೆ ಒಂದೆರಡು ಗಂಟೆಯಲ್ಲೇ ಅದು 1000ವನ್ನು ದಾಟುತ್ತದೆ, ಬೆಳಗಾಗುವ ಹೊತ್ತಿಗೆ ಇನ್ನೂ ಬಹಳ ಮೇಲೆ ಏರಿರುತ್ತದೆ. ಇದರಿಂದ ಯಾರೂ ಸಾಯುವುದಿಲ್ಲ ನಿಜ. ಆದರೆ ಬೆಳಿಗ್ಗೆ ಎದ್ದಾಗ ತಲೆ ಭಾರ, ಮೈ ಜಡ. ಎಂಟು ತಾಸು ಮಲಗಿದರೂ ನಿದ್ದೆ ಆಗಲಿಲ್ಲ ಎನ್ನುತ್ತೇವೆ. ಉಸಿರಿನ ಜೊತೆಗೆ ಮತ್ತು ಬೆವರಿನ ಜೊತೆಗೆ ಆ ನಾಲ್ವರ ಮೈಯಿಂದ ಒಂದು ರಾತ್ರಿಗೆ ಸುಮಾರು ಒಂದು ಲೀಟರಿನಷ್ಟು ನೀರು ಆವಿಯಾಗಿ ಆ ಖೋಲಿಯಲ್ಲೇ ಸೇರುತ್ತದೆ. ಆ ತೇವ ಗೋಡೆಯ ಮೂಲೆಗೆ, ಹಾಸಿಗೆಗೆ, ಟ್ರಂಕಿನ ಹಿಂದೆ ಇಳಿದು ಕಪ್ಪು ಬೂಷ್ಟು ಕಟ್ಟುತ್ತದೆ. ದಮ್ಮು ಇದ್ದವರಿಗೆ ಆ ಬೂಷ್ಟು ವೈರಿ.

ಇದಕ್ಕೆ ಸೊಳ್ಳೆಯ ಬತ್ತಿ ಸೇರಿಸಿ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಒಂದು ಸುರುಳಿ ಬತ್ತಿ ಪೂರ್ತಿ ಉರಿದರೆ ಹೊರಬೀಳುವ ಸೂಕ್ಷ್ಮ ಧೂಳು 75ರಿಂದ 137 ಸಿಗರೇಟು ಸುಟ್ಟಷ್ಟು ಇರುತ್ತದೆ ಎಂದು ಕಂಡುಬಂದಿತ್ತು. ಮನೆಯಲ್ಲಿ ಒಬ್ಬರೂ ಬೀಡಿ ಸೇದುವುದಿಲ್ಲ ಎಂದು ಹೆಮ್ಮೆ ಪಡುವ ನಾವು, ಹಸುಗೂಸನ್ನು ಮಲಗಿಸಿ ಬಾಗಿಲು ಹಾಕಿ ಬತ್ತಿ ಹಚ್ಚಿ ಬರುತ್ತೇವೆ.

ಎಲ್ಲಕ್ಕಿಂತ ದೊಡ್ಡದು ಒಲೆಯ ಹೊಗೆ. 2016ರ ಮೇ ತಿಂಗಳಲ್ಲಿ ಉಜ್ವಲಾ ಯೋಜನೆ ಆರಂಭವಾದ ಮೇಲೆ ಬಡವರ ಮನೆಗೂ ಗ್ಯಾಸಿನ ಸಿಲಿಂಡರ್ ಬಂತು. ಅದು ದೊಡ್ಡ ಕೆಲಸ. ಆದರೆ ಸಿಲಿಂಡರ್ ಬಂದ ಮನೆಯಲ್ಲೆಲ್ಲ ಹೊಗೆ ನಿಂತಿಲ್ಲ. ಚಹಾಕ್ಕೆ, ಪಲ್ಯಕ್ಕೆ ಗ್ಯಾಸು. ಹತ್ತು ಮಂದಿಗೆ ಜೋಳದ ರೊಟ್ಟಿ ಬಡಿಯುವಾಗ, ಎಲ್ಲರ ಸ್ನಾನಕ್ಕೆ ನೀರು ಕಾಯಿಸುವಾಗ ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ, ಕುಳ್ಳು. ಹೊಲದಲ್ಲಿ ಪುಕ್ಕಟೆ ಸಿಗುವುದನ್ನು ಬಿಟ್ಟು ಸಿಲಿಂಡರಿಗೆ ದುಡ್ಡು ಕೊಡಲು ಮನಸ್ಸು ಒಪ್ಪುವುದಿಲ್ಲ. ಇದು ನಮಗೆಲ್ಲ ಗೊತ್ತಿರುವ ಮಾತು. ಜಗತ್ತಿನ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿರುವ ಪ್ರಕಾರ ಸೂಕ್ಷ್ಮ ಧೂಳು ಒಂದು ದಿನದ ಸರಾಸರಿಯಲ್ಲಿ ಘನ ಮೀಟರಿಗೆ 15 ಮೈಕ್ರೋಗ್ರಾಮನ್ನು ಮೀರಬಾರದು. ನಮ್ಮ ದೇಶದ ಮಿತಿ 60. ಕಟ್ಟಿಗೆಯ ಒಲೆ ಉರಿಯುವ ಮುಚ್ಚಿದ ಅಡಿಗೆ ಮನೆಯಲ್ಲಿ ಅದು ಕೆಲವು ನೂರು, ಕೆಲವು ಸಲ ಸಾವಿರವನ್ನೂ ಮುಟ್ಟುತ್ತದೆ. ಆ ಹೊಗೆಯ ಮುಂದೆ ದಿನಕ್ಕೆ ಮೂರು ನಾಲ್ಕು ತಾಸು ಕೂಡುವವರು ಯಾರು? ಮನೆಯ ಹೆಣ್ಣುಮಕ್ಕಳು, ಅವರ ಉಡಿಯಲ್ಲಿರುವ ಕೂಸುಗಳು. ಐವತ್ತು ವರ್ಷಕ್ಕೇ ಏದುಸಿರು ಬಿಡುವ ಅಜ್ಜಿಯರನ್ನು ನೋಡಿ ವಯಸ್ಸಾಯಿತು ಎನ್ನುತ್ತೇವೆ. ಎಷ್ಟೋ ಸಲ ಅದು ವಯಸ್ಸಲ್ಲ, ಒಲೆ.

ಸೊಲ್ಲಾಪುರದ ಪೇಟೆಯೊಳಗೆ ಇನ್ನೂ ಎರಡು ಸಂಗತಿ ಇವೆ. ಮನೆಯಲ್ಲೇ ಕೂತು ಬೀಡಿ ಕಟ್ಟುವ ಹೆಣ್ಣುಮಕ್ಕಳಿಗೆ ತಂಬಾಕಿನ ಪುಡಿ, ಮನೆಗೆ ಹತ್ತಿಕೊಂಡೇ ಮಗ್ಗ ನಡೆಸುವವರಿಗೆ ಹತ್ತಿಯ ಧೂಳು. ಕೆಲಸದ ಜಾಗ, ಉಣ್ಣುವ ಜಾಗ, ಮಲಗುವ ಜಾಗ ಒಂದೇ ಆದಾಗ ಗಾಳಿಯ ದಾರಿ ಇನ್ನೂ ಅಗತ್ಯ.

ಕ್ಷಯರೋಗದ ಮಾತನ್ನೂ ಇಲ್ಲಿ ಹೇಳಬೇಕು. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ನಾಲ್ಕನೇ ಒಂದು ಪಾಲು ನಮ್ಮ ದೇಶದಲ್ಲೇ ಇದ್ದಾರೆ. ಈ ರೋಗ ಹರಡುವುದು ಗಾಳಿಯಿಂದ. ದಕ್ಷಿಣ ಅಮೆರಿಕದ ಪೆರು ದೇಶದ ಲೀಮಾ ಪಟ್ಟಣದ ಆಸ್ಪತ್ರೆಗಳಲ್ಲಿ ಗಾಳಿಯ ಓಡಾಟವನ್ನು ಅಳೆದು 2007ರಲ್ಲಿ ಒಂದು ವರದಿ ಪ್ರಕಟಿಸಿದರು. ಕಿಡಕಿ ಬಾಗಿಲು ತೆರೆದಿಟ್ಟ ಖೋಲಿಗಳಲ್ಲಿ ತಾಸಿಗೆ 28 ಸಲ ಗಾಳಿ ಬದಲಾಗುತ್ತಿತ್ತು. ಯಂತ್ರ ಕೂಡಿಸಿದ ಖೋಲಿಗಳಿಗೆ ಗೊತ್ತುಪಡಿಸಿದ್ದು 12 ಸಲ. ಇನ್ನೂ ಸ್ವಾರಸ್ಯವೆಂದರೆ, ಐವತ್ತು ವರ್ಷಕ್ಕಿಂತ ಹಳೆಯದಾದ, ಎತ್ತರದ ಸೂರಿನ, ದೊಡ್ಡ ಕಿಡಕಿಗಳ ಕಟ್ಟಡಗಳಲ್ಲಿ 40 ಸಲ, ಹೊಸ ಕಟ್ಟಡಗಳಲ್ಲಿ 17 ಸಲ. ಕಿಡಕಿ ತೆರೆಯಲು ಒಂದು ಪೈಸೆಯ ಖರ್ಚಿಲ್ಲ. 2020ರಲ್ಲಿ ಕೊರೋನಾ ಬಂದಾಗಲೂ ನಾವು ಕಲಿತ ಪಾಠ ಇದೇ ಅಲ್ಲವೆ?

ಈಗ ಗಾಳಿಯ ಸ್ವಭಾವ ನೋಡೋಣ. ಎರಡೇ ನಿಯಮ ನೆನಪಿಟ್ಟರೆ ಸಾಕು. ಮೊದಲನೆಯದು, ಒಳಗೆ ಬರುವ ಗಾಳಿಗೆ ಹೊರಗೆ ಹೋಗುವ ದಾರಿ ಬೇಕು. ತುಂಬಿದ ಕೊಡಕ್ಕೆ ಮತ್ತೆ ನೀರು ಹಾಕಲು ಆಗುವುದಿಲ್ಲ. ಹಾಗೆಯೇ ಒಂದೇ ಕಿಡಕಿಯ ಖೋಲಿಗೆ ಹೊರಗೆ ಎಷ್ಟು ಗಾಳಿ ಬೀಸಿದರೂ ಒಳಗೆ ಬರುವುದು ಸ್ವಲ್ಪವೇ. ಎದುರು ಗೋಡೆಯಲ್ಲಿ ಇನ್ನೊಂದು ಕಿಡಕಿ, ಅದಾಗದಿದ್ದರೆ ಬಾಗಿಲಿನ ಮೇಲೆ ಒಂದು ಜಾಲಂದರ ಇದ್ದರೆ ಗಾಳಿ ಹಾದುಹೋಗುತ್ತದೆ. ಎರಡನೆಯದು, ಬಿಸಿ ಗಾಳಿ ಮೇಲೆ ಏರುತ್ತದೆ, ತಂಪು ಗಾಳಿ ಕೆಳಗೆ ಬರುತ್ತದೆ. ಆದ್ದರಿಂದ ಒಳಬರುವ ದಾರಿ ಕೆಳಗಿರಲಿ, ಹೊರಹೋಗುವ ದಾರಿ ಸೂರಿನ ಹತ್ತಿರ ಇರಲಿ. ಇವೆರಡರ ನಡುವೆ ಎತ್ತರ ಹೆಚ್ಚಾದಷ್ಟೂ ಎಳೆತ ಹೆಚ್ಚು. ಹೊರಗೆ ಎಲೆ ಅಲುಗದ ದಿನವೂ ಇದು ಕೆಲಸ ಮಾಡುತ್ತದೆ. ನಮ್ಮ ಹಳೆಯ ಬೆಳಕಿಂಡಿಯ ಗುಟ್ಟು ಇಷ್ಟೆ.

ಕಿಡಕಿ ಎಷ್ಟು ದೊಡ್ಡದಿರಬೇಕು? ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಇದಕ್ಕೆ ಲೆಕ್ಕ ಇದೆ. ಒಣ ಬಿಸಿಲಿನ ಸೀಮೆಯಲ್ಲಿ ನೆಲದ ವಿಸ್ತೀರ್ಣದ ಹತ್ತನೇ ಒಂದು ಪಾಲು, ತೇವ ಹೆಚ್ಚಿರುವ ಬಿಸಿ ಸೀಮೆಯಲ್ಲಿ ಆರನೇ ಒಂದು ಪಾಲು ತೆರೆದ ಜಾಗ ಇರಬೇಕು. ಅಂದರೆ 10 ಅಡಿಗೆ 12 ಅಡಿಯ ಖೋಲಿಗೆ ಅಕ್ಕಲಕೋಟೆಯಲ್ಲಿ 12 ಚದರ ಅಡಿ, ಕಾಸರಗೋಡಿನಲ್ಲಿ 20 ಚದರ ಅಡಿ. ಇಲ್ಲೊಂದು ಎಚ್ಚರಿಕೆ. ಈಗ ಎಲ್ಲರೂ ಅಲ್ಯೂಮಿನಿಯಮ್ಮಿನ ಸರಿಯುವ ಕಿಡಕಿ ಹಾಕಿಸುತ್ತಾರೆ. ನೋಡಲು ಚೆಂದ. ಆದರೆ ಅದು ತೆರೆಯುವುದು ಅರ್ಧ ಮಾತ್ರ. 12 ಚದರ ಅಡಿಯ ಕಿಡಕಿಗೆ ದುಡ್ಡು ಕೊಟ್ಟು 6 ಚದರ ಅಡಿ ಗಾಳಿ ತೆಗೆದುಕೊಂಡಂತಾಯಿತು. ಹಳೆಯ ಎರಡು ಬಾಗಿಲಿನ ಕಟ್ಟಿಗೆಯ ಕಿಡಕಿ ಪೂರ್ತಿ ತೆರೆಯುತ್ತದೆ.

ದಿಕ್ಕಿನ ಮಾತು. ಬೇಸಗೆಯ ಕೊನೆಯಿಂದ ಮಳೆಗಾಲ ಮುಗಿಯುವವರೆಗೆ ನಮ್ಮ ಕಡೆ ಗಾಳಿ ಹೆಚ್ಚಾಗಿ ಪಡುವಣ ಮತ್ತು ನೈಋತ್ಯದಿಂದ ಬೀಸುತ್ತದೆ, ಚಳಿಗಾಲದಲ್ಲಿ ಮೂಡಣ ಮತ್ತು ಈಶಾನ್ಯದಿಂದ. ಹಾಗಾಗಿ ಪೂರ್ವ ಪಶ್ಚಿಮದ ಗೋಡೆಗಳಲ್ಲಿ ಎದುರು ಬದುರು ಕಿಡಕಿ ಇದ್ದರೆ ವರ್ಷವಿಡೀ ಗಾಳಿ ಸಿಗುತ್ತದೆ. ಪಡುವಣದ ಕಿಡಕಿಗೆ ಸಂಜೆಯ ಬಿಸಿಲು ಹೊಡೆಯುತ್ತದೆ, ಅದಕ್ಕೆ ಮೇಲೊಂದು ಛಜ್ಜಾ ಅಥವಾ ಹೊರಗೊಂದು ಬೇವಿನ ಗಿಡ ಇರಲಿ.

ಕಿಡಕಿ ಇದ್ದರೆ ಸಾಲದು, ಅದನ್ನು ಯಾವಾಗ ತೆರೆಯಬೇಕು, ಯಾವಾಗ ಹಾಕಬೇಕು ಎಂಬುದೂ ಗೊತ್ತಿರಬೇಕು. ಸೊಲ್ಲಾಪುರ, ಆದೋನಿ, ರಾಯದುರ್ಗ, ತಾಂಡೂರಿನಂಥ ಒಣ ಸೀಮೆಯಲ್ಲಿ ಏಪ್ರಿಲ್ ಮೇ ತಿಂಗಳ ಹಗಲು ಗಾಳಿಯೇ ಬೆಂಕಿ. ಬೆಳಿಗ್ಗೆ ಒಂಬತ್ತಕ್ಕೆ ಕೆಳಗಿನ ಕಿಡಕಿ ಹಾಕಿ ಪರದೆ ಇಳಿಬಿಡಿ, ಮೇಲಿನ ಜಾಲಂದರ ತೆರೆದಿರಲಿ. ಸಂಜೆ ಹೊರಗೆ ತಂಪಾದ ಮೇಲೆ ಎಲ್ಲ ತೆರೆಯಿರಿ. ರಾತ್ರಿಯ ತಂಪು ಗಾಳಿ ಗೋಡೆಯ ಕಾವನ್ನು ಹೊತ್ತುಕೊಂಡು ಹೋಗುತ್ತದೆ. ಕಾಸರಗೋಡಿನಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಅಲ್ಲಿ ಸೆಖೆಗೆ ಕಾರಣ ತೇವ. ಮೈಮೇಲೆ ಗಾಳಿ ಆಡುತ್ತಲೇ ಇರಬೇಕು, ಹಗಲೂ ರಾತ್ರಿಯೂ ತೆರೆದಿರಬೇಕು. ನೀಲಗಿರಿಯಲ್ಲಿ ಚಳಿ. ಅಲ್ಲಿ ಕೆಳಗಿನ ಕಿಡಕಿ ಹಾಕಿಕೊಂಡರೂ ಸೂರಿನ ಹತ್ತಿರ ಒಂದು ಸಣ್ಣ ಕಿಂಡಿ ರಾತ್ರಿ ತೆರೆದಿರಲೇಬೇಕು. ಕಬ್ಬಿನ ರವದಿ ಸುಡುವ ಹೊತ್ತಿನಲ್ಲಿ, ಕಾರ್ಖಾನೆಯ ಬೂದಿ ಹಾರುವ ಹೊತ್ತಿನಲ್ಲಿ ಆ ದಿಕ್ಕಿನ ಕಿಡಕಿ ಹಾಕಿ, ಹೊಗೆ ಹೋದ ಮೇಲೆ ತೆರೆಯಿರಿ.

ಈಗಾಗಲೇ ಕಟ್ಟಿದ ಮನೆಯವರು ಏನು ಮಾಡಬೇಕು? ಮನೆ ಕೆಡವಬೇಕಾಗಿಲ್ಲ. ಗೋಡೆಯ ಮೇಲ್ಭಾಗದಲ್ಲಿ, ಸೂರಿನ ಕೆಳಗೆ, ಒಂದು ಅಡಿಗೆ ಒಂದೂವರೆ ಅಡಿಯ ಕಿಂಡಿ ತೆಗೆಸಿ ಸಿಮೆಂಟಿನ ಜಾಳಿ ಕೂಡಿಸಬಹುದು. ಆದರೆ ಕಿಡಕಿ ಬಾಗಿಲ ಮೇಲೆ ಮನೆಯ ಸುತ್ತ ಹಾದುಹೋಗುವ ಕಾಂಕ್ರೀಟಿನ ಪಟ್ಟಿಯನ್ನು ಯಾವ ಕಾರಣಕ್ಕೂ ಒಡೆಯಬೇಡಿ. ಭೂಕಂಪದಲ್ಲಿ ಗೋಡೆಗಳನ್ನು ಒಂದಾಗಿ ಹಿಡಿಯುವುದು ಅದೇ. ಮೂಲೆಯಿಂದ ಎರಡು ಅಡಿ ದೂರ ಇರಲಿ. ಸ್ಲ್ಯಾಬಿಗೆ ತೂತು ಹೊಡೆಯುವ ಕೆಲಸಕ್ಕೆ ಹೋಗಬೇಡಿ. ಹೊಸದಾಗಿ ಕಟ್ಟುವವರು ಅಡಿಗೆ ಮನೆಯ ಒಂದು ಗೋಡೆಯನ್ನು ಇಟ್ಟಂಗಿಯ ಜಾಳಿಯಾಗಿ ಕಟ್ಟಿಸಬಹುದು. ತಿರುವನಂತಪುರದಲ್ಲಿ ನೆಲೆಸಿದ್ದ ಲಾರಿ ಬೇಕರ್ ಎಂಬ ಶಿಲ್ಪಿ, 2007ರಲ್ಲಿ ತೀರಿಕೊಂಡರು, ಕಿಡಕಿಯ ಚೌಕಟ್ಟಿನ ಖರ್ಚನ್ನೇ ಉಳಿಸಿ ಇಟ್ಟಂಗಿಗಳ ನಡುವೆ ಸಂದು ಬಿಟ್ಟು ಗೋಡೆ ಕಟ್ಟಿಸುತ್ತಿದ್ದರು. ಗಾಳಿ ಬರುತ್ತದೆ, ಬೆಳಕು ಬರುತ್ತದೆ, ಹೊರಗಿನವರ ಕಣ್ಣು ಒಳಗೆ ಬರುವುದಿಲ್ಲ.

ತಗಡಿನ ಮನೆಯವರ ಕಷ್ಟ ಬೇರೆ. ಮಧ್ಯಾಹ್ನ ಆ ಮನೆ ಕಾದ ಹಂಚು. ತಗಡು ಗೋಡೆಗೆ ಕೂಡುವಲ್ಲಿ ಎರಡೂ ಕಡೆ ಸಂದು ಬಿಟ್ಟು ಜಾಳಿ ಬಡಿಯಿರಿ, ನಡುವಿನ ನೆತ್ತಿಯಲ್ಲಿ ಬಿಸಿ ಗಾಳಿ ಹೋಗಲು ಮುಚ್ಚಿಗೆಯಿರುವ ಕಿಂಡಿ ಮಾಡಿಸಿ. ಗಿರಣಿಗಳ ಮೇಲೆ ಗಾಳಿಗೆ ಗಿರಗಿರ ತಿರುಗುವ ಗುಂಡನೆಯ ಟರ್ಬೈನ್ ನೋಡಿದ್ದೀರಿ. ಅದಕ್ಕೆ ಕರೆಂಟು ಬೇಕಾಗಿಲ್ಲ, ಮನೆಗೂ ಸಣ್ಣದು ಸಿಗುತ್ತದೆ. ಬೇಸಗೆಗೆ ಮೊದಲು ತಗಡಿಗೆ ಅಥವಾ ಸ್ಲ್ಯಾಬಿಗೆ ಸುಣ್ಣದ ಜೊತೆ ಸ್ವಲ್ಪ ಫೆವಿಕಾಲ್ ಕಲಸಿ ಎರಡು ಕೈ ಬಿಳಿ ಬಳಿದರೆ ಒಳಗಿನ ಕಾವು ಎರಡರಿಂದ ನಾಲ್ಕು ಡಿಗ್ರಿ ಇಳಿಯುತ್ತದೆ. ತೆಲಂಗಾಣ ಸರಕಾರ 2023ರಲ್ಲಿ ತಂಪು ಛಾವಣಿಗೆಂದೇ ಒಂದು ನೀತಿಯನ್ನು ತಂದಿತು. ಮನೆ ಕಡಿಮೆ ಕಾದರೆ ಗಾಳಿಯ ಕೆಲಸವೂ ಹಗುರು.

ಇನ್ನು ಅಡಿಗೆ ಮನೆ. ಕಟ್ಟಿಗೆ ಸುಡುವುದಾದರೆ ಹೊಗೆಗೂಡು ಇರುವ ಒಲೆ ಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ಕೇಂದ್ರದವರು ರೂಪಿಸಿದ ಅಸ್ತ್ರ ಒಲೆ ಹಿರಿಯರಿಗೆ ನೆನಪಿರಬೇಕು. ಒಂದೇ ಉರಿಯಲ್ಲಿ ಮೂರು ಪಾತ್ರೆ ಕಾಯುತ್ತಿದ್ದವು, ಹೊಗೆ ಕೊಳವೆಯಿಂದ ಹೊರಗೆ ಹೋಗುತ್ತಿತ್ತು. ಅಂಥ ಒಲೆಗಳು ಹಲವು ಮನೆಗಳಲ್ಲಿ ಮೂಲೆಗೆ ಬಿದ್ದದ್ದು ಕೊಳವೆಯ ಮಸಿ ತೆಗೆಯದೆ. ಕೊಳವೆ ಸೂರಿಗಿಂತ ಎರಡು ಅಡಿ ಮೇಲೆ ಹೋಗಿರಬೇಕು, ತಿಂಗಳಿಗೊಮ್ಮೆ ಮಸಿ ಬಡಿಯಬೇಕು. ಇಷ್ಟು ಮಾಡಿದರೆ ಕಟ್ಟಿಗೆಯೂ ಉಳಿಯುತ್ತದೆ. ನೀರು ಕಾಯಿಸುವ ಒಲೆಯನ್ನಾದರೂ ಇವತ್ತೇ ಹೊರಗೆ ಇಡಬಹುದು, ಅದಕ್ಕೆ ಖರ್ಚಿಲ್ಲ.

ಗ್ಯಾಸಿಗೆ ಹೊಗೆ ಇಲ್ಲ, ಆದ್ದರಿಂದ ಗಾಳಿ ಬೇಡ ಎಂದು ತಿಳಿಯಬೇಡಿ. ಗ್ಯಾಸಿನ ಉರಿಯಿಂದಲೂ ನೈಟ್ರೋಜನ್ ಡೈಆಕ್ಸೈಡ್ ಬರುತ್ತದೆ, ಒಗ್ಗರಣೆಯ ಘಾಟು, ಎಣ್ಣೆಯ ಆವಿ ಬೇರೆ. ಇಲ್ಲಿ ಎಕ್ಸಾಸ್ಟ್ ಫ್ಯಾನ್ ಒಳ್ಳೆಯದು. 8 ಅಡಿಗೆ 10 ಅಡಿಯ ಅಡಿಗೆ ಮನೆಗೆ 9 ಅಂಗುಲದ ಫ್ಯಾನ್ ಸಾಕು, ತಾಸಿಗೆ 15 ಸಲ ಅಲ್ಲಿಯ ಗಾಳಿಯನ್ನು ಬದಲಿಸುತ್ತದೆ. 40 ವ್ಯಾಟಿನ ಫ್ಯಾನು ದಿನಕ್ಕೆ ಎರಡು ತಾಸು ತಿರುಗಿದರೆ ತಿಂಗಳಿಗೆ ಎರಡೂವರೆ ಯೂನಿಟ್ಟೂ ಆಗುವುದಿಲ್ಲ. ಅದನ್ನು ಒಲೆಯ ಹತ್ತಿರ, ಮೇಲೆ ಕೂಡಿಸಿ. ಎದುರು ಕಡೆ ಕೆಳಗೆ ಗಾಳಿ ಬರುವ ದಾರಿ ಇರಲಿ. ಫ್ಯಾನಿನ ಪಕ್ಕದಲ್ಲೇ ಕಿಡಕಿ ತೆರೆದಿಟ್ಟರೆ ಅದು ಹೊರಗಿನ ಗಾಳಿಯನ್ನೇ ಎಳೆದು ಹೊರಗೆ ಹಾಕುತ್ತದೆ, ಹೊಗೆ ಇದ್ದಲ್ಲೇ ಇರುತ್ತದೆ.

ಮೇಲಿನ ಸೀಲಿಂಗ್ ಫ್ಯಾನ್ ಹೊಸ ಗಾಳಿ ತರುವುದಿಲ್ಲ, ಇದ್ದ ಗಾಳಿಯನ್ನೇ ತಿರುಗಿಸುತ್ತದೆ. ಆದರೂ ಅದು ಬೇಕು. ಹಳೆಯ ಫ್ಯಾನು 75 ವ್ಯಾಟ್ ತಿನ್ನುತ್ತದೆ. ಈಗ ಬರುವ ಬಿಎಲ್‌ಡಿಸಿ ಫ್ಯಾನಿಗೆ ಸುಮಾರು 30 ವ್ಯಾಟ್ ಸಾಕು. ದಿನಕ್ಕೆ 12 ತಾಸಿನಂತೆ ವರ್ಷಕ್ಕೆ 200 ದಿನ ತಿರುಗಿದರೆ ಒಂದು ಫ್ಯಾನಿಗೆ 108 ಯೂನಿಟ್ ಉಳಿಯುತ್ತದೆ. ಯೂನಿಟ್ಟಿಗೆ 7 ರೂಪಾಯಿ ಹಿಡಿದರೆ 756 ರೂಪಾಯಿ. 2023ರ ಜನವರಿಯಿಂದ ಸೀಲಿಂಗ್ ಫ್ಯಾನಿಗೂ ನಕ್ಷತ್ರದ ಗುರುತು ಕಡ್ಡಾಯವಾಗಿದೆ. ಕೊಳ್ಳುವಾಗ ಬಣ್ಣ ನೋಡುವ ಮೊದಲು ನಕ್ಷತ್ರ ಎಣಿಸಿ.

ಒಣ ಸೀಮೆಯಲ್ಲಿ ಕೂಲರ್ ಒಳ್ಳೆಯ ಸಾಧನ. ಆದರೆ ತಂಪು ಹೋದೀತು ಎಂದು ಬಾಗಿಲು ಕಿಡಕಿ ಎಲ್ಲ ಹಾಕಿ ಕೂಲರ್ ನಡೆಸುವವರು ಬಹಳ. ಅದರಿಂದ ತಂಪು ಉಳಿಯುವುದಿಲ್ಲ, ತೇವ ತುಂಬಿ ಮೈ ಅಂಟಂಟಾಗುತ್ತದೆ. ಕೂಲರನ್ನು ಕಿಡಕಿಯ ಹೊರಗಿಟ್ಟು, ಎದುರಿನ ಕಿಡಕಿಯನ್ನು ತೆರೆದಿಡಿ. ಏಸಿ ಹಾಗಲ್ಲ, ಅದು ಒಳಗಿನ ಗಾಳಿಯನ್ನೇ ಮತ್ತೆ ಮತ್ತೆ ತಂಪು ಮಾಡುತ್ತದೆ. ಮಲಗುವ ಮೊದಲು, ಎದ್ದ ಮೇಲೆ ಹತ್ತು ಹತ್ತು ನಿಮಿಷ ಕಿಡಕಿ ತೆರೆಯಲೇಬೇಕು. 18ಕ್ಕೆ ಇಡುವ ಬದಲು 24ಕ್ಕೋ 26ಕ್ಕೋ ಇಟ್ಟು ಫ್ಯಾನ್ ಹಾಕಿಕೊಳ್ಳಿ. ಒಂದೊಂದು ಡಿಗ್ರಿ ಮೇಲೆ ಇಟ್ಟಷ್ಟೂ ಸುಮಾರು ನೂರಕ್ಕೆ ಆರರಷ್ಟು ಕರೆಂಟು ಉಳಿಯುತ್ತದೆ ಎಂಬುದು ಇಂಧನ ದಕ್ಷತೆಯ ಬ್ಯೂರೋದ ಲೆಕ್ಕ. ಚಳಿ ದೇಶಗಳಲ್ಲಿ ಹೊರಹೋಗುವ ಗಾಳಿಯ ಕಾವನ್ನು ಒಳಬರುವ ಗಾಳಿಗೆ ದಾಟಿಸುವ ಯಂತ್ರಗಳಿವೆ. ವರ್ಷದ ಅರ್ಧ ಕಾಲ ಮನೆಯನ್ನು ಬಿಗಿಯಾಗಿ ಮುಚ್ಚಿ ಕಾಯಿಸುವವರಿಗೆ ಅದು ಬೇಕು. ಕಿಡಕಿ ತೆರೆದು ಬದುಕಬಹುದಾದ ನಮಗೆ ಆ ಖರ್ಚು ಬೇಕಾಗಿಲ್ಲ.

ಇಷ್ಟೆಲ್ಲ ಹೇಳಿದರೆ ಮನೆಯಲ್ಲಿ ಏನು ಮಾತಾಗುತ್ತದೆ ಎಂಬುದೂ ನನಗೆ ಗೊತ್ತು. ಮನೆಯಾಕೆ ಕೇಳುತ್ತಾಳೆ, "ಅಡಗಿ ಮನಿಗೆ ಇನ್ನೊಂದ ಕಿಡಕಿ ಇಡೂಣಲ್ರಿ?" ಗೌಂಡಿ ಹೇಳುತ್ತಾನೆ, "ಅಕ್ಕಾರ, ಆ ಕಡೀ ಗ್ವಾಡಿ ಮಗ್ಗಲದವರ ಜಾಗಾಕ ಹತ್ತೇತ್ರಿ, ಜಗಳಾ ಆಕ್ಕಾವ." ಅತ್ತೆ ಹೇಳುತ್ತಾಳೆ, "ಕಿಡಕಿ ಇಟ್ರ ಕಳ್ಳರ ಕಾಟ, ಹಾವಿನ ಕಾಟ, ಗುಂಗಾಡಿನ ಕಾಟ. ನಮ್ಮ ಕಾಲದಾಗ ಇಷ್ಟ ಕಿಡಕಿ ಎಲ್ಲಿದ್ವು?" ಈ ಮಾತುಗಳಲ್ಲಿ ಹುರುಳಿದೆ. ಮಗ್ಗುಲ ಮನೆಯವರ ಕಡೆ ಕಿಡಕಿ ಆಗದಿದ್ದರೆ ನಿಮ್ಮ ಜಾಗದಲ್ಲೇ ಎರಡು ಅಡಿಯ ಸಂದು ಬಿಟ್ಟು ಕಟ್ಟಿರಿ, ಅಥವಾ ಮನೆಯ ನಡುವೆ ಒಂದು ಸಣ್ಣ ತೆರೆದ ಅಂಗಳ ಇಡಿ. ಕಳ್ಳರಿಗೆ ಕಬ್ಬಿಣದ ಸರಳು, ಹಾವು ಗುಂಗಾಡಿಗೆ ಜಾಳಿ. ಜಾಳಿ ಹಾಕಿದರೆ ಗಾಳಿ ಸ್ವಲ್ಪ ಕಡಿಮೆಯಾಗುತ್ತದೆ, ಆದ್ದರಿಂದ ಕಿಡಕಿಯನ್ನು ಆ ಲೆಕ್ಕದಲ್ಲಿ ದೊಡ್ಡದು ಮಾಡಿ. ಜಾಳಿ ಬಂದರೆ ಸೊಳ್ಳೆ ಬತ್ತಿಯ ಖರ್ಚೂ ಹೊಗೆಯೂ ಎರಡೂ ಹೋದವು. ಅತ್ತೆಯವರಿಗೆ ಒಂದು ಮಾತು. ನಿಮ್ಮ ಕಾಲದಲ್ಲಿ ಕಿಡಕಿ ಕಡಿಮೆ ಇದ್ದವು ನಿಜ ತಾಯಿ, ಆದರೆ ನೆತ್ತಿಯ ಮೇಲೆ ಬೆಳಕಿಂಡಿ ಇತ್ತು.

ಕೊನೆಗೆ ಜೀವಕ್ಕೆ ಸಂಬಂಧಿಸಿದ ಒಂದು ಎಚ್ಚರಿಕೆ. ಚಳಿಗೆ ಮುಚ್ಚಿದ ಖೋಲಿಯಲ್ಲಿ ಇದ್ದಿಲಿನ ಅಗ್ಗಿಷ್ಟಿಕೆ ಇಟ್ಟು ಮಲಗುವುದು ಸಾವನ್ನು ಕರೆದು ಮಲಗಿಸಿಕೊಂಡಂತೆ. ಇದ್ದಿಲು ಉರಿಯುವಾಗ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕೆಮ್ಮೂ ಬರುವುದಿಲ್ಲ. ನಿದ್ದೆಯಲ್ಲೇ ಪ್ರಾಣ ಹೋಗುತ್ತದೆ. ನೀಲಗಿರಿಯ ಕೇಳುಗರು ಇದನ್ನು ಮುಖ್ಯವಾಗಿ ನೆನಪಿಡಬೇಕು. ಬಚ್ಚಲಿನೊಳಗಿನ ಗ್ಯಾಸ್ ಗೀಸರೂ ಅಷ್ಟೇ ಅಪಾಯ. ಕಿಂಡಿಯಿಲ್ಲದ ಸಣ್ಣ ಬಚ್ಚಲಲ್ಲಿ ಅದನ್ನು ಹಚ್ಚಿ ಸ್ನಾನಕ್ಕೆ ಹೋದವರು ಒಳಗೇ ಕುಸಿದು ಸತ್ತ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ. ಗ್ಯಾಸ್ ಗೀಸರ್ ಬಚ್ಚಲಿನ ಹೊರಗೆ, ಗಾಳಿಯಾಡುವ ಜಾಗದಲ್ಲಿರಲಿ. ಜನರೇಟರನ್ನೂ ಮನೆಯೊಳಗೆ ನಡೆಸಬೇಡಿ. ಹೊಗೆಗೂಡಿನ ಒಲೆ ಉರಿಯುವಾಗ, ಬೇರೆ ಗಾಳಿಯ ದಾರಿ ಇಲ್ಲದೆ ಎಕ್ಸಾಸ್ಟ್ ಫ್ಯಾನ್ ಹಾಕಿದರೆ ಅದು ಹೊಗೆಯನ್ನು ಕೊಳವೆಯಿಂದ ಹಿಂದಕ್ಕೆ ಎಳೆಯುತ್ತದೆ, ಅದೂ ಅಪಾಯವೇ.

ನಿಮ್ಮ ಮನೆಯಲ್ಲಿ ಗಾಳಿ ಓಡುತ್ತಿದೆಯೇ ಎಂದು ತಿಳಿಯಲು ಯಾವ ಯಂತ್ರವೂ ಬೇಡ. ಒಂದು ಊದಿನಕಡ್ಡಿ ಹಚ್ಚಿ ಖೋಲಿಯ ನಡುವೆ ಹಿಡಿಯಿರಿ. ಅದರ ಹೊಗೆ ಒಂದು ಕಡೆಗೆ ಬಾಗಿ ಸಾಗಿ ಹೊರಗೆ ಹೋದರೆ ನಿಮ್ಮ ಮನೆ ಉಸಿರಾಡುತ್ತಿದೆ. ನೆಟ್ಟಗೆ ಮೇಲೆ ಹೋಗಿ ಸೂರಿಗೆ ತಾಗಿ ಅಲ್ಲೇ ಹರಡಿದರೆ, ಮೇಲೆ ಒಂದು ಕಿಂಡಿ ಬೇಕು ಎಂದು ಅದೇ ಹೇಳುತ್ತಿದೆ. ಮೊದಲು ಅಡಿಗೆ ಮನೆಯಲ್ಲಿ ಹಿಡಿದು ನೋಡಿ, ಆಮೇಲೆ ಕೂಸು ಮಲಗುವ ಖೋಲಿಯಲ್ಲಿ. ದುಡ್ಡು ಕೂಡಿದಾಗ ಟೀವಿಯ ಗೋಡೆಗೆ ಬಣ್ಣ ಹಚ್ಚಿಸುವ ಮೊದಲು ಆ ಎರಡು ಖೋಲಿಗಳ ಕೆಲಸ ಮಾಡಿಸಿ.